ಡೆನ್ಮಾರ್ಕಿನ ಸೋದರಳಿಯ

ಒಬ್ಬ ಮನುಷ್ಯನಿಗೆ ಎಷ್ಟು ಮರ್ಯಾದೆ ಕೊಡಬಹುದು ಎಂಬುದಕ್ಕೆ ಒಂದು ಮಿತಿಯಿದೆ, ಅದನ್ನು ದಾಟಿದರೆ ಆ ಮನುಷ್ಯ ಸೊರಗಿ ಹೋಗುತ್ತಾನೆ ಎಂಬುದು ನಮ್ಮ ಸಿಮ್ಲೆ ಊರಿಗೆ ಗೊತ್ತಾದದ್ದು ಗುಡ್ಡದ ನೆತ್ತಿಯವರೆಗೆ ಮೋಟಾರು ರಸ್ತೆ ಬಂದ ವರ್ಷ. ಅದಕ್ಕೆ ಮುಂಚೆ ನಮ್ಮಲ್ಲಿಗೆ ಮರ್ಯಾದೆ ಕೊಡಬೇಕಾದಂಥವರು ಯಾರೂ ಬರುತ್ತಲೇ ಇರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ವಾರ್ಡ್ ಅಧ್ಯಕ್ಷ ಹೋಮನಾಥ ಘಿಮಿರೆಯವರಿಗೆ ಕಾಠ್ಮಾಂಡುವಿನ ಒಂದು ಸಂಸ್ಥೆಯಿಂದ ಕಾಗದ ಬಂತು. ಸಿಮ್ಲೆಯ ನೀರಿನ ಗಿರಣಿಗೆ ಮರದ ಚಕ್ರ ತೆಗೆದು ಕಬ್ಬಿಣದ ಚಕ್ರ ಹಾಕುವುದಾಗಿಯೂ, ಹಾಕಿಕೊಡಲು ಡೆನ್ಮಾರ್ಕ್ ದೇಶದ ಒಬ್ಬ ಇಂಟರ್ನ್ ಹತ್ತು ವಾರ ಇರುವುದಾಗಿಯೂ ಅದರಲ್ಲಿ ಬರೆದಿತ್ತು. ಇಂಟರ್ನ್ ಎಂದರೆ ಏನು ಎಂದು ಜನ ಕೇಳಿದರು. ಅಧ್ಯಕ್ಷರು ಕಾಗದವನ್ನು ಒಮ್ಮೆ ದೂರ ಹಿಡಿದು, ಒಮ್ಮೆ ಹತ್ತಿರ ಹಿಡಿದು, "ಇಂಜಿನಿಯರ್‌ಗಿಂತ ಒಂದು ಮೆಟ್ಟಿಲು ಮೇಲೆ" ಎಂದರು.

ಆ ಗಿರಣಿ ನನ್ನದು. ನಾನು ಪದಮ್‌ಲಾಲ್ ಬಸ್ನೆತ್. ಹೊಳೆಯ ದಂಡೆಯಲ್ಲಿ ನನ್ನ ಅಪ್ಪ ಕಟ್ಟಿದ ಗಿರಣಿ, ಅದರ ಪಕ್ಕಕ್ಕೆ ಒಂದು ಕೋಣೆ, ಕೋಣೆಯಲ್ಲಿ ನಾನು. ಹೆಂಡತಿ ತೀರಿಹೋಗಿ ಹತ್ತೊಂಬತ್ತು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಒಂದು ಮೂಟೆ ಜೋಳ ಬೀಸಲು ನನ್ನ ಗಿರಣಿಗೆ ಬೆಳಗಿನ ಊಟದಿಂದ ಮಧ್ಯಾಹ್ನ ಇಳಿಯುವವರೆಗೆ ಬೇಕಾಗುತ್ತಿತ್ತು. ಹೆಂಗಸರು ಮೂಟೆ ಇಳಿಸಿ, ಗೋಡೆಗೆ ಒರಗಿ, ಹೇನು ನೋಡಿಕೊಳ್ಳುತ್ತ, ಸಂಬಂಧ ಕುದುರಿಸುತ್ತ, ಮುರಿಯುತ್ತ ಕೂತಿರುತ್ತಿದ್ದರು. ಬೇರೆ ಯಾರೂ ನನ್ನ ಬಾಗಿಲಿಗೆ ಬರುವವರಿರಲಿಲ್ಲವಾದ್ದರಿಂದ, ಗಿರಣಿಯ ನಿಧಾನ ಒಂದು ದೋಷ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಅದು ದೋಷವೆಂದು ಕಾಠ್ಮಾಂಡುವಿನಲ್ಲಿ ಕಂಡುಹಿಡಿದರು.

ಅತಿಥಿಯನ್ನು ಕರೆತರಲು ನನ್ನನ್ನೇ ಕಳಿಸಿದರು. ಅಧ್ಯಕ್ಷರಿಗೆ ಭಾಷಣ ಬಾಯಿಪಾಠ ಮಾಡುವುದಿತ್ತು. ಗುಡ್ಡದ ನೆತ್ತಿಯಲ್ಲಿ ಬುದ್ಧಿಮಾಯಾಳ ಚಹಾದಂಗಡಿ. ಅದರ ಎದುರಿಗೆ ಬಸ್ಸು ನಿಂತಿತು. ತನಗಿಂತ ದೊಡ್ಡ ಚೀಲ ಹೊತ್ತ, ಕಿವಿ ಕೆಂಪಗಾದ, ಇಪ್ಪತ್ತೆರಡರ ಒಬ್ಬ ಹುಡುಗ ಇಳಿದ. ಕೈಯಲ್ಲೊಂದು ಚಿಕ್ಕ ಪುಸ್ತಕ. ಅದರಲ್ಲಿ ಬೆರಳಿಟ್ಟು ಏನನ್ನೋ ಹುಡುಕಿ, ನನ್ನ ನರೆತ ಗಡ್ಡ ನೋಡಿ, ಹಲ್ಲು ಬಿಟ್ಟು ಹೇಳಿದ:

"ನಮಸ್ತೆ, ಮಾಮ."

ನಮ್ಮಲ್ಲಿ ಮಾಮ ಎಂಬುದು ಸುಮ್ಮನೆ ಬಾಯಿಗೆ ಬಂದಂತೆ ಆಡುವ ಮಾತಲ್ಲ. ಅಕ್ಕತಂಗಿಯ ಮಗ ನಮಗೆ ಭಾಂಜಾ. ಅವನು ತೊಟ್ಟಿಲಲ್ಲಿರಲಿ, ಮೂಗು ಸೋರುತ್ತಿರಲಿ, ಮಾಮನಾದವನು ಅವನ ಕಾಲಿಗೆ ಹಣೆ ಮುಟ್ಟಿಸಬೇಕು. ಕೈಯಲ್ಲಿ ಏನಾದರೂ ಇಡಬೇಕು. 'ನೀವು' ಎನ್ನಬೇಕು. ಸತ್ತರೂ ಅವನಿಂದ ಕೆಲಸ ಮಾಡಿಸಬಾರದು. ಭಾಂಜಾನ ಕಾಲು ಮುಟ್ಟದೆ ಸತ್ತವನಿಗೆ ಮುಂದೆ ದಾರಿ ತೋರಿಸುವವರಿರುವುದಿಲ್ಲವಂತೆ.

ನನಗೆ ಇದ್ದವಳು ಒಬ್ಬಳೇ ತಂಗಿ, ಸುಂತಲಿ. ಹದಿನಾರಕ್ಕೆ ಅವಳನ್ನು ಅಸ್ಸಾಮಿನ ಕಡೆ ಹೊರಟಿದ್ದವನಿಗೆ ಕೊಟ್ಟೆವು. ಒಂದು ಕಾಗದ ಬಂತು, ಗಂಡುಮಗು ಹುಟ್ಟಿದೆ ಎಂದು. ಮಗುವಿನ ಹೆಸರು ಬರೆದಿರಲಿಲ್ಲ. ಎರಡನೇ ಕಾಗದ ಬರಲಿಲ್ಲ. ಅದಾಗಿ ನಲವತ್ತೇಳು ವರ್ಷ. ಊರಿನ ಗಂಡಸರು ಹಬ್ಬಹಬ್ಬಕ್ಕೆ ತಮ್ಮ ತಮ್ಮ ಭಾಂಜಾಗಳ ಕಾಲಿಗೆ ಬೀಳುವಾಗ ನಾನು ಗಿರಣಿಯ ಕಲ್ಲು ಕೊರೆಯುವ ಕೆಲಸ ಇಟ್ಟುಕೊಳ್ಳುತ್ತಿದ್ದೆ.

ಹೀಗಿರುವಾಗ ಒಬ್ಬ ಮನುಷ್ಯ ಬಸ್ಸಿನಿಂದ ಇಳಿದು ಮಾಮ ಎಂದರೆ ನಾನೇನು ಮಾಡಲಿ? ಛತ್ರಿ ಬದಿಗಿಟ್ಟು, ಕೆಸರಿನಲ್ಲೇ ಬಗ್ಗಿ, ಅವನ ಬೂಟಿಗೆ ಹಣೆ ಮುಟ್ಟಿಸಿದೆ.

ಹುಡುಗ ಕಿಟ್ಟನೆ ಕಿರುಚಿದ. ಮುದುಕ ಎದೆನೋವು ಬಂದು ಬಿದ್ದ ಎಂದುಕೊಂಡನಂತೆ. ನನ್ನನ್ನು ಎರಡೂ ರಟ್ಟೆ ಹಿಡಿದು ಎತ್ತಿ, ಬೆಂಚಿನ ಮೇಲೆ ಮಲಗಿಸಿ, ಅಂಗಿಯ ಗುಂಡಿ ಬಿಚ್ಚಿ, ಬಾಟಲಿಯ ನೀರನ್ನು ಬಾಯಿಗೆ ಹೊಯ್ದ. ನಾನು ಏಳಲು ನೋಡಿದಷ್ಟೂ ಅವನು ಒತ್ತಿ ಮಲಗಿಸಿದ. ಬುದ್ಧಿಮಾಯಾ ಚಹಾದ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಪದಮ್ ದಾಜು, ಏನಾಯ್ತು?" ದಾಜು ಎಂದರೆ ನಮ್ಮಲ್ಲಿ ಅಣ್ಣ.

"ಏನಿಲ್ಲ ಮಾರಾಯ್ತಿ. ನನ್ನ ಭಾಂಜಾ ಬಂದಿದ್ದಾರೆ."

ಅವಳು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸುಂತಲಿ ಮಗನಾ? ಇಷ್ಟು ಬೆಳ್ಳಗೆ?"

"ಅಸ್ಸಾಮಲ್ಲಿ ಮೋಡ ಜಾಸ್ತಿ," ಎಂದೆ. ನೀರು ನೆತ್ತಿಗೇರಿತ್ತು. ಹೆಚ್ಚು ವಿವರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಾವು ಗುಡ್ಡ ಇಳಿಯುವುದಕ್ಕಿಂತ ಮುಂಚೆ ಸುದ್ದಿ ಇಳಿದಿತ್ತು.

ವಾರ್ಡ್ ಕಚೇರಿಯ ಅಂಗಳದಲ್ಲಿ ನೂರು ಜನ ಸೇರಿದ್ದರು. ಅಧ್ಯಕ್ಷರು ಹೊಸ ಪ್ಯಾಂಟು ಹಾಕಿ, ಚೆಂಡುಹೂವಿನ ಹಾರ ಹಿಡಿದು ನಿಂತಿದ್ದರು. ಅತಿಥಿಯ ಹೆಸರು ರಾಸ್ಮುಸ್. ಅಧ್ಯಕ್ಷರ ಬಾಯಲ್ಲಿ ಅದು "ರಸ್‌ಮಾಸು" ಎಂದು ಹೊರಬಿತ್ತು. ನಮ್ಮ ಭಾಷೆಯಲ್ಲಿ ಮಾಸು ಎಂದರೆ ಮಾಂಸ. ರಸವೂ ಮಾಂಸವೂ ಆದ ಅತಿಥಿ ಎಂದು ಜನ ತಿಳಿದರು. ಅವತ್ತು ಏಕಾದಶಿ. ಪುರೋಹಿತರಾದ ಋಷಿರಾಮ ಬಾಜೆ ಎರಡೂ ಕಿವಿ ಮುಚ್ಚಿಕೊಂಡು, "ಈ ಹೆಸರು ನನ್ನ ಬಾಯಲ್ಲಿ ಬರಲ್ಲಪ್ಪ. ಬೇರೆ ಏನಾದ್ರೂ ಇದ್ರೆ ಹೇಳಿ" ಎಂದರು.

ಬೇರೆಯದನ್ನು ಹುಡುಗನೇ ಒದಗಿಸಿಕೊಟ್ಟ. ಹಾರ ಹಾಕಿಸಿಕೊಂಡು, ಕೈಮುಗಿದು, ಎಲ್ಲರಿಗೂ ಕೇಳುವಂತೆ, "ಧನ್ಯವಾದ, ಮಾಮ!" ಎಂದ.

ಹಿಂದಿನ ಚುನಾವಣೆಯಲ್ಲಿ ಹನ್ನೊಂದು ಓಟಿನಿಂದ ಸೋತಿದ್ದ ದಲ್‌ಬೀರ್ ಹಿಂದಿನ ಸಾಲಿನಿಂದ ಕೂಗಿದ: "ಅಧ್ಯಕ್ಷರೇ, ಭಾಂಜಾ ಕರೀತಿದ್ದಾರೆ, ಸುಮ್ನೆ ನಿಂತ್ರಲ್ಲ! ಕಾಲು ಮುಟ್ಟೋಕೆ ಪ್ಯಾಂಟು ಅಡ್ಡ ಬರ್ತಾ ಇದೆಯಾ?"

ಮುಂದಿನ ವರ್ಷವೇ ಚುನಾವಣೆ. ಅಧ್ಯಕ್ಷರು ಬಗ್ಗಿದರು. ಪ್ಯಾಂಟು ತನ್ನ ಅಭಿಪ್ರಾಯವನ್ನು ಹಿಂಬದಿಯಿಂದ ಚರ್ ಎಂದು ತಿಳಿಸಿತು.

ಆಮೇಲೆ ಹುಡುಗ ಅಧ್ಯಕ್ಷರ ಹೆಂಡತಿ ತುಳಸಾ ಕಡೆ ತಿರುಗಿ, ಪುಸ್ತಕ ನೋಡಿ, "ನಮಸ್ತೆ, ದೀದಿ" ಎಂದ. ದೀದಿ ಎಂದರೆ ಅಕ್ಕ. ತುಳಸಾ ಸೊಂಟಕ್ಕೆ ಕೈಯಿಟ್ಟಳು.

"ಕೇಳಿದ್ರಾ? ನೀವು ಇವರಿಗೆ ಮಾಮ. ನಾನು ಇವರಿಗೆ ಅಕ್ಕ. ಅಂದ್ಮೇಲೆ ನೀವು ನಂಗೂ ಮಾಮನೇ ಆದ್ರಿ. ಹೆಂಗೂ ಬಗ್ಗಿದ್ದೀರಿ, ಏಳೋಕೆ ಮುಂಚೆ ನನ್ನ ಕಾಲಿಗೂ ಒಂದು ಹಣೆ ಮುಟ್ಟಿಸ್ಬಿಡಿ."

ನಗು ಹೊಳೆಯ ಆಚೆ ದಡಕ್ಕೆ ಕೇಳಿಸಿತಂತೆ. ಹುಡುಗನೂ ನಕ್ಕ. ಯಾಕೆ ನಗುತ್ತಿದ್ದಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ತನ್ನಿಂದ ಇಷ್ಟು ಜನಕ್ಕೆ ಸಂತೋಷವಾಯಿತಲ್ಲ ಎಂದು, ಉಳಿದ ಗಂಡಸರಿಗೂ ಒಬ್ಬೊಬ್ಬರಿಗೆ ಕೈಮುಗಿದು ಮಾಮ, ಮಾಮ ಎನ್ನುತ್ತ ಬಂದ. ಅಧ್ಯಕ್ಷರೇ ಬಗ್ಗಿದ ಮೇಲೆ ಉಳಿದವರು ನೆಟ್ಟಗೆ ನಿಲ್ಲುವುದು ಹೇಗೆ? ಭತ್ತದ ಗದ್ದೆಯ ಮೇಲೆ ಗಾಳಿ ಬೀಸಿದ ಹಾಗೆ ಸಾಲು ಸಾಲಾಗಿ ಊರು ಬಗ್ಗುತ್ತ ಹೋಯಿತು. ಋಷಿರಾಮ ಬಾಜೆ ಹುಡುಗನ ಕೈಯಲ್ಲಿ ಒಂದು ಸೌತೆಕಾಯಿ ಇಟ್ಟರು.

ನನಗೆ ಸ್ವಲ್ಪ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ನನಗೊಬ್ಬನಿಗೆ ಬಂದಿದ್ದ ಭಾಂಜಾ ಅರ್ಧ ದಿನದಲ್ಲಿ ಊರಿಗೆಲ್ಲ ಹಂಚಿಹೋದ. ಆದರೂ ಮೊದಲು ಅಂದದ್ದು ನನಗೆ. ಅದನ್ನು ಯಾರೂ ಕಿತ್ತುಕೊಳ್ಳುವ ಹಾಗಿರಲಿಲ್ಲ.

ಮಾರನೆಯ ದಿನ ಕೆಲಸ ಶುರುವಾಗಬೇಕಿತ್ತು. ಕಬ್ಬಿಣದ ಚಕ್ರ ಮುಂಚೆಯೇ ಬಂದು ಗಿರಣಿಯ ಪಕ್ಕ ತಾಡಪಾಲಿನ ಕೆಳಗೆ ದೊಡ್ಡದೊಂದು ಹೂವಿನ ಹಾಗೆ ಬಿದ್ದಿತ್ತು. ಹುಡುಗ ಅದರ ಸುತ್ತ ಎರಡು ಸುತ್ತು ಹಾಕಿ, ಪ್ಯಾಂಟು ಮಡಿಚಿ, ಹಾರೆ ಹಿಡಿದು ಗಿರಣಿಯ ಕೆಳಗಿನ ಗುಂಡಿಗೆ ಇಳಿದ. ಆ ಗುಂಡಿಯಲ್ಲಿ ಅಪ್ಪನ ಕಾಲದ ಪಾಚಿಯಿತ್ತು.

"ಅಯ್ಯಯ್ಯೋ, ಭಾಂಜಾ ಗುಂಡಿಗೆ ಇಳಿದ್ರು!" ಎಂದು ಯಾರೋ ಕೂಗಿದರು. ನಾಲ್ಕು ಜನ ಧುಮುಕಿ ಅವನನ್ನು ಎತ್ತಿ ತಂದರು. ಬಂಡೆಯ ಮೇಲೆ ಚಾಪೆ ಹಾಸಿ ಕೂರಿಸಿದರು. ಒಬ್ಬ ಛತ್ರಿ ಹಿಡಿದ. ಒಬ್ಬ ಕಾಲಿನ ಕೆಸರು ತೊಳೆದ.

"ನಾನು ಕೆಲಸ ಮಾಡುತ್ತೇನೆ," ಎಂದ ಹುಡುಗ, ಪುಸ್ತಕ ತಿರುವುತ್ತ. "ನಾನು ಒಳ್ಳೆಯದು ಮಾಡಲು ಬಂದೆ."

"ನೀವು ಬಂದಿದ್ದೇ ಒಳ್ಳೇದಾಯ್ತು," ಎಂದರು ಬಾಜೆ. "ಕೂತ್ಕೊಳ್ಳಿ."

ಅದು ಅವನೊಬ್ಬನಿಗೇ ಗೊತ್ತಿದ್ದ ಕೆಲಸ, ಅವನೊಬ್ಬನೇ ಮಾಡಬಾರದಾಗಿದ್ದ ಕೆಲಸ. ಚಾಪೆಯ ಮೇಲಿನಿಂದ ಅವನು ಹೇಳುತ್ತಿದ್ದ, ಕೆಳಗೆ ನಾವು ಮಾಡುತ್ತಿದ್ದೆವು. ಆದರೆ ಅವನ ಪುಸ್ತಕದಲ್ಲಿ ಹೋಟೆಲಿಗೂ ಆಸ್ಪತ್ರೆಗೂ ಬೇಕಾದ ಮಾತುಗಳಿದ್ದವೇ ಹೊರತು ಗಿರಣಿಗೆ ಬೇಕಾದ ಒಂದೂ ಇರಲಿಲ್ಲ. "ಚಕ್ರಕ್ಕೆ ತಲೆನೋವು, ಎಡಗಡೆ ಮಲಗಿಸಿ" ಎನ್ನುತ್ತಿದ್ದ. ನಾವು ಎಡಗಡೆ ಮಲಗಿಸುತ್ತಿದ್ದೆವು. ಅವನು ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದ. ಮೂರು ವಾರದಲ್ಲಿ ಚಕ್ರವನ್ನು ಎರಡು ಸಲ ತಲೆಕೆಳಗಾಗಿ ಕೂರಿಸಿ ಎರಡು ಸಲ ಹೊರಗೆ ತೆಗೆದೆವು.

ಅವನು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೊರಟ. ಸೌದೆ ಸೀಳುವ ಮನೆಗೆ ಹೋದರೆ ಕೊಡಲಿ ಅಡಗಿಸಿಟ್ಟರು. ಹುಲ್ಲು ಹೊರುವ ಹೆಂಗಸರ ಹಿಂದೆ ಹೋದರೆ ಅವರು ತಲೆಗೆ ಸೆರಗೆಳೆದುಕೊಂಡು ದಾರಿ ಬಿಟ್ಟು ನಿಂತರು. ಸಂಜೆ ಶಾಲೆಯ ಬಯಲಲ್ಲಿ ಹುಡುಗರು ವಾಲಿಬಾಲ್ ಆಡುವಲ್ಲಿಗೆ ಹೋದ. ಅಲ್ಲಿ ಆಟಕ್ಕೆ ಸೇರಿಸಿಕೊಂಡರೇನೋ ನಿಜ, ಆದರೆ ಅವನು ಚೆಂಡನ್ನು ಹೊಡೆದರೂ ಪಾಯಿಂಟು ಅವನಿಗೆ, ಬಿಟ್ಟರೂ ಅವನಿಗೆ, ಜೋಳದ ಹೊಲಕ್ಕೆ ಎಸೆದರೂ ಅವನಿಗೆ. ಹದಿನೈದು ನಿಮಿಷದಲ್ಲಿ ಅವನು ಗೆದ್ದ. ಎರಡೂ ಕಡೆಯವರು ಚಪ್ಪಾಳೆ ತಟ್ಟಿ ಮನೆಗೆ ಹೋದರು. ಬಲೆಯ ಪಕ್ಕ ಅವನು ಚೆಂಡು ಹಿಡಿದುಕೊಂಡು ನಿಂತೇ ಇದ್ದ.

ಊಟ ಮೊದಲು ಅವನಿಗೆ. ಅವನು ಉಣ್ಣುವವರೆಗೆ ಯಾರೂ ಉಣ್ಣುವಂತಿಲ್ಲ, ಉಣ್ಣುವಾಗ ಜೊತೆಗೆ ಕೂರುವಂತಿಲ್ಲ, ಎದುರಿಗೆ ಕೂತು ನೋಡಬಹುದು. ದಿನಕ್ಕೆ ಎರಡು ಸಲ ಹನ್ನೆರಡು ಜನ ಅವನು ಅಗಿಯುವುದನ್ನು ನೋಡಿದರು. ದಾರಿಯಲ್ಲಿ ಸಿಕ್ಕವರೆಲ್ಲ ಬಗ್ಗಿ ಕೈಗೆ ಏನಾದರೂ ಇಡುತ್ತಿದ್ದರು. ಸಂಜೆ, ಉಳಿದುಕೊಂಡಿದ್ದ ನನ್ನ ಗಿರಣಿಗೆ ವಾಪಸ್ಸು ಬಂದರೆ ಅವನ ಜೇಬುಗಳಲ್ಲಿ ಸೌತೆಕಾಯಿ, ಪೇರಲೆ, ಒಮ್ಮೊಮ್ಮೆ ಒಡೆದ ಮೊಟ್ಟೆ.

ಫೋನು ಸಿಗುತ್ತಿದ್ದದ್ದು ಗಿರಣಿಯ ಮೇಲಿನ ಒಂದೇ ಬಂಡೆಯಲ್ಲಿ. ಅಲ್ಲಿ ನಿಂತು ಅವನ ಭಾಷೆಯಲ್ಲಿ ಅವನ ತಾಯಿಯ ಜೊತೆ ಮಾತಾಡುತ್ತಿದ್ದ. ಮಾತಾಡುವಾಗ ಜೋರಾಗಿ ನಗುತ್ತಿದ್ದ. ಫೋನು ಜೇಬಿಗೆ ಹಾಕಿದ ಮೇಲೆ ನಗುತ್ತಿರಲಿಲ್ಲ. ಹೊಳೆ ನೋಡುತ್ತ ಕೂತುಬಿಡುತ್ತಿದ್ದ. ಎರಡನ್ನೂ ನಾನು ಕೆಳಗಿನಿಂದ ನೋಡುತ್ತಿದ್ದೆ. ಆದರೆ ಮಾಮನಾದವನು ಭಾಂಜಾನ ಪಕ್ಕ ಸಮನಾಗಿ ಕೂರುವ ಪದ್ಧತಿಯಿಲ್ಲ.

ಒಂದು ಸಲ ಇಳಿದು ಬಂದು ಕೇಳಿದ: "ಮಾಮ, ನಾನು ಏನು ತಪ್ಪು ಮಾಡಿದೆ? ಯಾರೂ ನನಗೆ ಏನೂ ಕೊಡುವುದಿಲ್ಲ."

ಜೇಬು ತುಂಬ ಪೇರಲೆ ಇಟ್ಟುಕೊಂಡು ಹಾಗಂದ. ನಾನು, "ನೀವು ಇದ್ದೀರಲ್ಲ, ಅದೇ ಸಾಕು" ಎಂದು ಕಾಲು ಮುಟ್ಟಿ ಹೋದೆ. ನಾನಂತೂ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅವನ ಕಾಲಿಗೆ ಹಣೆ ಮುಟ್ಟಿಸಿ, ನಲವತ್ತೇಳು ವರ್ಷದ್ದನ್ನು ತುಂಬಿಕೊಳ್ಳುತ್ತ ಬಲು ಸುಖವಾಗಿದ್ದೆ.

ಆರನೇ ವಾರ ಸಂಸ್ಥೆಯಿಂದ ಮಂದಿರಾ ಕರ್ಕಿ ಎಂಬ ಅಧಿಕಾರಿಣಿ ಕೆಲಸ ನೋಡಲು ಬಂದರು. ಚಕ್ರ ತಾಡಪಾಲಿನ ಕೆಳಗಿತ್ತು. ಇಂಟರ್ನ್ ಛತ್ರಿಯ ಕೆಳಗಿದ್ದ.

"ಇಷ್ಟು ದಿನ ಈತ ಏನು ಮಾಡಿದಾನೆ?" ಎಂದು ಕೇಳಿದರು.

ಅಧ್ಯಕ್ಷರು ಮುಂದೆ ಬಂದರು. "ಆಶೀರ್ವಾದ ಮಾಡಿದಾರೆ ಮೇಡಂ. ನಾಲ್ಕು ಮಕ್ಕಳಿಗೆ, ಒಂದು ಹೊಸ ಎಮ್ಮೆಗೆ."

"ಎಮ್ಮೆ ಹಾಲು ಹೆಚ್ಚಿದೆ," ಎಂದ ದಲ್‌ಬೀರ್. ಎಮ್ಮೆ ಅವನದು.

ಮೇಡಂ ಬರೆಯುತ್ತಿದ್ದ ಕೈ ನಿಲ್ಲಿಸಿದರು. ಅಷ್ಟರಲ್ಲಿ ಹುಡುಗ ಬಂಡೆಯಿಂದ ಇಳಿದು, "ಮಾಮ, ಸ್ವಲ್ಪ ದಾರಿ" ಎಂದ. ಅಧ್ಯಕ್ಷರು ತಟ್ಟನೆ ಬಗ್ಗಿದರು, ಅವರ ಹಿಂದಿದ್ದವರೂ ಬಗ್ಗಿದರು. ಮೇಡಂಗೆ ಎಲ್ಲ ಅರ್ಥವಾಯಿತು. ಬಾಯಿಗೆ ಕರವಸ್ತ್ರ ಹಿಡಿದು ಬಹಳ ಹೊತ್ತು ಅವರ ಭುಜ ಕುಲುಕಿತು. ಆಮೇಲೆ ಹುಡುಗನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಅವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. ಪುಸ್ತಕದ ಆ ಹಾಳೆಯನ್ನು ತೆಗೆದು ತೋರಿಸಿದ. ತಾಯಿಯ ಅಣ್ಣತಮ್ಮನಿಗೂ ತಂದೆಯ ಅಣ್ಣತಮ್ಮನಿಗೂ ಇಂಗ್ಲಿಷಿನಲ್ಲಿ ಒಂದೇ ಸಾಲು ಸಾಕಂತೆ, ಪುಸ್ತಕದಲ್ಲಿ ಆ ಸಾಲಿನ ಮುಂದೆ 'ಮಾಮ' ಎಂದು ಬರೆದು ಮುಗಿಸಿದ್ದರು.

ಮೇಡಂ ನಗು ಮುಗಿಸಿ ನಮ್ಮ ಕಡೆ ತಿರುಗಿದರು. "ನೋಡಿ, ನಾನು ನಕ್ಕಿದ್ದು ನಿಜ. ಆದ್ರೆ ಈ ತಿಂಗಳ ಕೊನೆಯೊಳಗೆ ಚಕ್ರ ತಿರುಗದಿದ್ರೆ ಅದನ್ನ ಬೇರೆ ಊರಿಗೆ ಹೊರಿಸ್ತೀನಿ. ಇವನನ್ನ ವಾಪಸ್ ಕಳಿಸ್ತೀನಿ. ಏನೂ ಮಾಡ್ಲಿಲ್ಲ ಅಂತ ಅವನ ಕಾಲೇಜಿಗೆ ನಾನೇ ಬರೀಬೇಕಾಗುತ್ತೆ."

ಅವರು ಹೋದ ಮೇಲೆ ಗಿರಣಿಯ ಮುಂದೆಯೇ ಸಭೆ ಕೂತಿತು. ಒಂದು ಸಲ ಬಾಯಿಂದ ಬಂದ ಸಂಬಂಧವನ್ನು ಅಳಿಸಲಾಗದು ಎಂದರು ಬಾಜೆ. ಆದರೆ ಅದರ ಮೇಲೆ ಇನ್ನೊಂದನ್ನು ಹೇರಬಾರದು ಎಂದು ಯಾವ ಶಾಸ್ತ್ರದಲ್ಲೂ ಇಲ್ಲವೆಂದರು. ದಾರಿ ತೋರಿಸಿದ್ದು ತುಳಸಾ.

"ಕಾಕಾ ಅನ್ನಲಿ."

ಕಾಕಾ ಎಂದರೆ ಚಿಕ್ಕಪ್ಪ. ಕಾಕಾ ಎಂದು ಕರೆದವನು ಅಣ್ಣತಮ್ಮಂದಿರ ಮಗ. ಅವನನ್ನು ಎತ್ತಿನ ಹಾಗೆ ದುಡಿಸಬಹುದು, ಬೈಯಬಹುದು, ಕಿವಿ ಹಿಂಡಬಹುದು. ಕಾಲಿಗೆ ಬೀಳಬೇಕಾದವನೂ ಅವನೇ. ಆರು ವಾರ ಬಗ್ಗಿ ಸೊಂಟ ಹಿಡಿದಿದ್ದ ಗಂಡಸರೆಲ್ಲ ಒಂದೇ ಉಸಿರಿಗೆ "ಆಗಲಿ" ಎಂದರು. ಅಧ್ಯಕ್ಷರು ಎರಡು ಸಲ ಅಂದರು.

ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

"ನಾನು ಆಗಲ್ಲ," ಎಂದೆ.

"ಪದಮ್ ದಾಜು, ಗಿರಣಿ ನಿಮ್ಮದು," ಎಂದಳು ತುಳಸಾ. "ಊರೆಲ್ಲ ಕಾಕಾ ಆಗಿ ನೀವೊಬ್ರು ಮಾಮ ಆಗಿದ್ರೆ ಆ ಹುಡುಗ ಕಾಲಿಡೋದು ಯಾವ ಗುಂಡಿಗೆ?"

"ಊರಲ್ಲಿ ಎಲ್ರಿಗೂ ಬೇರೆ ಭಾಂಜಾಗಳಿದ್ದಾರೆ ತುಳಸಾ."

ಅವಳು ಸೆರಗು ಎಳೆದುಕೊಂಡು ಹೊಳೆಯ ಕಡೆ ತಿರುಗಿದಳು. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಹೇಳುತ್ತೇನೆ ಎಂದು ನಾನು ಎದ್ದೆ.

ಬೆಳಿಗ್ಗೆ ಹುಡುಗ ಆಗಲೇ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ, ಒಳಗೆ ಇಳಿಯದೆ. ನನ್ನನ್ನು ಕಂಡ ಕೂಡಲೇ ಕಾಲುಗಳನ್ನು ಹಿಂದಕ್ಕೆಳೆದುಕೊಂಡ. ಅದನ್ನು ನೋಡಿ ನನಗೆ ಹೇಗೋ ಆಯಿತು. ಅವನ ಪಕ್ಕದಲ್ಲೇ, ಅದೇ ಕಲ್ಲಿನ ಮೇಲೆ ಕೂತೆ. ಸುಂತಲಿಯ ವಿಷಯ ಹೇಳಿದೆ. ಎಷ್ಟು ಅರ್ಥವಾಯಿತೋ. ಅವನ ಪುಸ್ತಕದಲ್ಲಿ ಅಸ್ಸಾಂ ಇರಲಿಲ್ಲ.

"ಅವಳ ಮಗ," ಎಂದ, ಮಾತು ಹುಡುಕುತ್ತ. "ಹೆಸರು ಏನು?"

"ಗೊತ್ತಿಲ್ಲ."

"ಎಲ್ಲಿ?"

"ಗೊತ್ತಿಲ್ಲ. ಇದ್ರೆ ನಲವತ್ತಾರು ದಾಟಿರುತ್ತೆ. ನಿನ್ನ ಹಾಗೆ ಬೆಳ್ಳಗಂತೂ ಇರಲ್ಲ."

'ನಿನ್ನ' ಎಂದು ಬಾಯಿಗೆ ಬಂದುಬಿಟ್ಟಿತ್ತು. ಬಂದದ್ದು ಬಂದಿತು. ಬದಿಯಲ್ಲಿದ್ದ ಹಾರೆಯನ್ನು ಅವನ ಕೈಗೆ ಕೊಟ್ಟೆ. "ಇಳಿಯೋ ಒಳಗೆ. ಇವತ್ತಿಂದ ನನ್ನನ್ನ ಕಾಕಾ ಅನ್ನು."

"ಕಾಕಾ," ಎಂದ. ಅವನ ನಾಲಿಗೆಯಲ್ಲಿ ಅದು ಕಾಗೆ ಕೂಗಿದ ಹಾಗೆ ಕೇಳಿಸಿತು. ಮೇಲಿನ ಮರದಿಂದ ಒಂದು ಕಾಗೆ ಉತ್ತರವನ್ನೂ ಕೊಟ್ಟಿತು. ಅಪ್ಪನ ಕಾಲದ ಪಾಚಿಗೆ ಹುಡುಗ ಮೊಣಕಾಲವರೆಗೆ ಇಳಿದು ನಗತೊಡಗಿದ. ಫೋನಿಲ್ಲದೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಊರಿಗೆ ಒಬ್ಬ ಮಗ ಸಿಕ್ಕ ಮೇಲೆ ಊರು ಸುಮ್ಮನಿರುತ್ತದೆಯೇ? "ಲೋ ರಸ್‌ಮಾಸು, ಗೊಬ್ಬರದ ಬುಟ್ಟಿ ಎತ್ತೋ!" "ಲೋ, ಆಡು ಹೊಲಕ್ಕೆ ನುಗ್ತು, ಕಣ್ಣು ಕಾಣಲ್ವಾ?" "ಕತ್ತೆ, ಕೊಡಲಿ ಹಿಡಿಯೋದು ಹಾಗಾ? ನಿಮ್ಮಪ್ಪ ಏನೂ ಕಲಿಸಿಲ್ವಾ?" ಅವನು ಕತ್ತೆ ಎಂಬ ಮಾತನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡ. ವಾಲಿಬಾಲಿನಲ್ಲಿ ಅವನ ಕಡೆಯವರು ಹದಿನೈದಕ್ಕೆ ಎರಡರಿಂದ ಸೋತು, ಇಡೀ ಸಂಜೆ ಅವನನ್ನು ಬೈದರು. ಅವನು ಗೆಲುವಾಗಿ ಮನೆಗೆ ಬಂದ. ಅಧ್ಯಕ್ಷರಂತೂ ಪ್ಯಾಂಟಿನ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವವರ ಹಾಗೆ ಅವನಿಂದ ತಮ್ಮ ದನದ ಕೊಟ್ಟಿಗೆಯನ್ನು ಎರಡು ಸಲ ಬಳಿಸಿದರು. ಹುಡುಗ ಊಟಕ್ಕೆ ಸಾಲಿನಲ್ಲಿ ಕೊನೆಗೆ ಕೂತು, ತಳ ಹಿಡಿದ ಅನ್ನ ಉಂಡು, ಇನ್ನಷ್ಟು ಹಾಕಿಸಿಕೊಳ್ಳುತ್ತಿದ್ದ.

ಈ ಎಲ್ಲದರ ನಡುವೆ ಒಂಬತ್ತು ದಿನದಲ್ಲಿ ಚಕ್ರ ಕೂತಿತು. ನೀರು ಬಿಟ್ಟೆವು. ಮೇಲಿನ ಕಲ್ಲು ಎಂದೂ ತಿರುಗದ ರಭಸದಲ್ಲಿ ತಿರುಗಿ, ಹಿಟ್ಟು ಹೊಗೆಯ ಹಾಗೆ ಎದ್ದು, ಉದ್ಘಾಟನೆಗೆ ಬಾಗಿ ನಿಂತಿದ್ದ ಅಧ್ಯಕ್ಷರ ಮೀಸೆಯನ್ನು ಬೆಳ್ಳಗೆ ಮಾಡಿತು. ಮಂದಿರಾ ಮೇಡಂ ಬಂದು ನೋಡಿ, ಕಾಗದಕ್ಕೆ ರುಜು ಹಾಕಿ ಹೋದರು.

ಆಮೇಲಿನ ದಿನಗಳಲ್ಲಿ ಹುಡುಗ ಬಾಗಿಲಲ್ಲಿ ಗಡಿಯಾರ ಹಿಡಿದು ಕೂರುತ್ತಿದ್ದ. ಹೆಂಗಸರು ಬರುತ್ತಿದ್ದರು, ಮೂಟೆ ಸುರಿಯುತ್ತಿದ್ದರು, ಗೋಡೆಗೆ ಒರಗುವುದರೊಳಗೆ ಹಿಟ್ಟು ತಯಾರು. ತಲೆಗೇರಿಸಿಕೊಂಡು ಹೋಗುತ್ತಿದ್ದರು.

"ಕಾಕಾ, ಮುಂಚೆ ಅರ್ಧ ದಿನ. ಈಗ ಮುಕ್ಕಾಲು ಗಂಟೆ!" ಅವನ ಮುಖ ಬೆಳಗುತ್ತಿತ್ತು. "ಒಳ್ಳೆಯದಾಯಿತು, ಅಲ್ಲವಾ?"

"ಒಳ್ಳೆಯದಾಯ್ತಪ್ಪ."

"ಉಳಿದ ಹೊತ್ತು ಅವರು ಏನು ಮಾಡುತ್ತಾರೆ?"

"ಮನೆಗೆ ಹೋಗ್ತಾರೆ."

"ನೀವು?"

"ನಾನು ಮನೇಲೇ ಇದ್ದೀನಲ್ಲೋ," ಎಂದೆ. ಅವನು ಗಡಿಯಾರದಿಂದ ತಲೆಯೆತ್ತಿ ಖಾಲಿ ಗೋಡೆಯನ್ನು ನೋಡಿದ. ಅವತ್ತಿನಿಂದ ಗಡಿಯಾರ ಹಿಡಿಯಲಿಲ್ಲ. ಹೆಂಗಸರು ಹೋದ ಮೇಲೆ ಅವನೇ ಗೋಡೆಗೆ ಒರಗಿ ಮಧ್ಯಾಹ್ನ ಇಳಿಯುವವರೆಗೆ ಕೂರುತ್ತಿದ್ದ. ಇಬ್ಬರಿಗೂ ಮಾತು ಹೆಚ್ಚಿಗೆ ಇರಲಿಲ್ಲ. ಕತ್ತೆ, ಕೊಡಲಿ, ಅನ್ನ, ಹೊಳೆ, ಅಷ್ಟರಲ್ಲೇ ಸುಧಾರಿಸಿಕೊಂಡೆವು.

ದಶೈಂ ಹಬ್ಬದ ತಿಲಕಕ್ಕೆ ಮೂರು ದಿನವಿದೆ ಎನ್ನುವಾಗ ಅವನ ಹತ್ತು ವಾರ ಮುಗಿಯಿತು. ಬುದ್ಧಿಮಾಯಾಳ ಅಂಗಡಿಯ ಮುಂದೆ ಊರಿನ ಕಾಕಾಗಳೆಲ್ಲ ಸಾಲಾಗಿ ನಿಂತರು. ಅವನು ಒಬ್ಬೊಬ್ಬರ ಕಾಲಿಗೂ ಬಗ್ಗಿ ಹಣೆ ಮುಟ್ಟಿಸುತ್ತ ಬಂದ. ಅಧ್ಯಕ್ಷರು ಎದೆಯುಬ್ಬಿಸಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅವನನ್ನು ಬಗ್ಗಿಸಿಯೇ ಇಟ್ಟು, "ಹೋಗು, ಚೆನ್ನಾಗಿರು ಕತ್ತೆ" ಎಂದರು.

ಕೊನೆಯಲ್ಲಿ ನಾನು ನಿಂತಿದ್ದೆ. ಕಾಕಾ ಹೇಗೆ ನಿಲ್ಲಬೇಕೋ ಹಾಗೆ ನೆಟ್ಟಗೆ ನಿಲ್ಲಬೇಕೆಂದು ಹತ್ತಿಬರುವಾಗ ದಾರಿಯುದ್ದಕ್ಕೂ ಹೇಳಿಕೊಂಡಿದ್ದೆ. ಅವನು ಎದುರಿಗೆ ಬಂದ. ಡ್ರೈವರು ಹಾರ್ನ್ ಬಾರಿಸಿದ. ನನ್ನ ಸೊಂಟ ನನ್ನ ಮಾತು ಕೇಳಲಿಲ್ಲ. ಅವನು ಬಗ್ಗಿದ, ನಾನೂ ಬಗ್ಗಿದೆ.

ಟಕ್!

ಹಸಿ ಸೋರೆಕಾಯಿ ಎರಡು ತಾಗಿದ ಹಾಗೆ ಶಬ್ದವಾಯಿತು. ಇಬ್ಬರೂ ಹಣೆ ಹಿಡಿದುಕೊಂಡು ಹಿಂದಕ್ಕೆ ಕೂತೆವು, ಅವನು ಚೀಲದ ಮೇಲೆ, ನಾನು ಕೆಸರಿನಲ್ಲಿ.

"ಈಗ ಯಾರು ಯಾರಿಗೆ ಬಿದ್ದ ಹಾಗಾಯ್ತು?" ಎಂದ ದಲ್‌ಬೀರ್.

ಎಲ್ಲರೂ ಬಾಜೆಯ ಕಡೆ ನೋಡಿದರು. ಬಾಜೆ ಗಡ್ಡ ನೀವಿಕೊಂಡು, "ಇದಕ್ಕೆ ಶಾಸ್ತ್ರ ಇಲ್ಲ" ಎಂದರು.

ಹುಡುಗ ತಾನೇ ಮೊದಲು ಎದ್ದು, ಮೊದಲ ದಿನದ ಹಾಗೆ ನನ್ನ ಎರಡೂ ರಟ್ಟೆ ಹಿಡಿದು ಎಬ್ಬಿಸಿದ. ಏನೋ ಹೇಳಲು ಪುಸ್ತಕ ತೆಗೆದ. ಹಾಳೆ ತಿರುವಿದ, ಇನ್ನೊಂದು ತಿರುವಿದ. ಸಿಗಲಿಲ್ಲ. ಬಸ್ಸು ಹೊರಟಿತು.

ದಶೈಂ ದಿನ ಹಿರಿಯರು ಕಿರಿಯರ ಹಣೆಗೆ ಮೊಸರು ಕಲಸಿದ ಕೆಂಪು ಅಕ್ಕಿಯ ತಿಲಕ ಒತ್ತುವುದು ಪದ್ಧತಿ. ನಮ್ಮ ವಂಶದಲ್ಲಿ ನನಗಿಂತ ಹಿರಿಯರು ಯಾರೂ ಉಳಿದಿಲ್ಲ. ನನ್ನ ಹಣೆಗೆ ನಾನೇ ಹಚ್ಚಿಕೊಳ್ಳುತ್ತೇನೆ, ಹಿತ್ತಾಳೆಯ ತಟ್ಟೆಯಲ್ಲಿ ಮುಖ ನೋಡಿಕೊಂಡು. ಆ ಸಲವೂ ಕೂತೆ. ಹೊರಗೆ ಹೊಸ ಚಕ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಹಬ್ಬದ ದಿನವಾದ್ದರಿಂದ ಬೀಸಲು ಯಾರೂ ಬಂದಿರಲಿಲ್ಲ. ತಟ್ಟೆಯಲ್ಲಿ ನೋಡಿದರೆ ಹಣೆಯ ನಡುವೆ ಬುಗುಟು ಇನ್ನೂ ಇತ್ತು, ಪೇರಲೆಯಷ್ಟು, ಸ್ವಲ್ಪ ನೀಲಿ. ಅದರ ಮೇಲೇ ತಿಲಕ ಒತ್ತಿದೆ.

ನೋಯಿತು.

ಇನ್ನೊಮ್ಮೆ ಒತ್ತಿದೆ.